ಬಸಣ್ಣನವರ ಎದೆಯ ಗಂಟು: ಗಂಡಸಿಗೆ ಬಂದ ಸ್ತನ ಕ್ಯಾನ್ಸರ್‌ನ ಒಂದು ಪ್ರಕರಣ

ಇದನ್ನು ಬರೆಯಲು ಬಸಣ್ಣನವರು ಒಪ್ಪಿದ್ದಾರೆ. ಈ ಹೆಸರು ಅವರದ್ದಲ್ಲ. ಊರು, ಕಸುಬು, ಮನೆಯವರ ಕೆಲವು ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಕಾಯಿಲೆ ಹೇಗೆ ನಡೆಯಿತು, ಯಾವ ಹಂತದಲ್ಲಿ ಯಾರು ಏನು ತೀರ್ಮಾನ ಮಾಡಿದರು ಎಂಬುದು ನಡೆದಂತೆಯೇ ಇದೆ. ನಾನು ಕ್ಯಾನ್ಸರ್ ವಿಭಾಗದಲ್ಲಿ ರೋಗಿಗಳ ಜೊತೆ ಮಾತಾಡುವ ಆಪ್ತ ಸಮಾಲೋಚಕಿ. ನೂರು ಜನ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಗಂಡಸರು ಸುಮಾರು ಒಬ್ಬರು ಅಷ್ಟೇ. ಅಪರೂಪ ಅನ್ನುವ ಕಾರಣಕ್ಕೇ ಇದು ಎಲ್ಲೆಲ್ಲಿ ಕೈತಪ್ಪುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು ಅನ್ನಿಸಿತು.

ಹಿನ್ನೆಲೆ

ಬಸಣ್ಣನವರಿಗೆ ಆಗ 58 ವರ್ಷ. ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಊರಿನಲ್ಲಿ ಕಿರಾಣಿ ಅಂಗಡಿ. ಮನೆಯಲ್ಲಿ ಹೆಂಡತಿ, ಮಗ, ಸೊಸೆ, ಪುಟ್ಟ ಮೊಮ್ಮಗಳು. ಮಗಳಿಗೆ ಗಂಡು ನೋಡುತ್ತಿದ್ದರು. ಸಕ್ಕರೆ ಕಾಯಿಲೆ ಮೊದಲಿನಿಂದಲೂ ಇತ್ತು. ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದರು. ಆಮೇಲೆ ಹೃದಯದ ಪಂಪಿಂಗ್ ಸ್ವಲ್ಪ ಕಡಿಮೆಯಾಗಿತ್ತು. ಅದಕ್ಕೆ ಕೊಟ್ಟ ಮಾತ್ರೆಗಳಲ್ಲಿ ಸ್ಪೈರೊನೊಲ್ಯಾಕ್ಟೋನ್ ಒಂದು. ಮುಂದಿನ ಗೊಂದಲಕ್ಕೆ ಈ ಮಾತ್ರೆಯೇ ಕಾರಣವಾಯಿತು, ಅದಕ್ಕೆ ಹೆಸರು ಹೇಳಿದೆ.

ಮನೆತನದ ಬಗ್ಗೆ ಒಂದು ಮಾತು. ಅವರ ಅಕ್ಕ ಐವತ್ತು ತುಂಬುವ ಮೊದಲೇ ತೀರಿಕೊಂಡಿದ್ದರು. "ಹೊಟ್ಟೆಯಲ್ಲಿ ಗಡ್ಡೆ" ಎಂದಷ್ಟೇ ಮನೆಯವರಿಗೆ ಗೊತ್ತಿತ್ತು. ಅದು ಅಂಡಾಶಯದ ಕ್ಯಾನ್ಸರ್ ಎಂಬುದು ಹಳೆಯ ಫೈಲು ತೆಗೆಸಿದಾಗ ತಿಳಿಯಿತು. ಆ ಫೈಲನ್ನು ತೆಗೆಸಬೇಕು ಎಂದು ಯಾರಿಗೂ ಮೊದಲು ಹೊಳೆದಿರಲಿಲ್ಲ. ತಮ್ಮನ ಎದೆಗೂ ಅಕ್ಕನ ಹೊಟ್ಟೆಗೂ ಸಂಬಂಧ ಇರಬಹುದು ಎಂದು ಯಾರು ತಾನೇ ಯೋಚಿಸುತ್ತಾರೆ?

"ನೋಡೋಣ" ಎಂದ ಏಳು ತಿಂಗಳು

ಸ್ನಾನ ಮಾಡುವಾಗ ಎಡ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ನೋವಿರಲಿಲ್ಲ. ಹಾರ್ಟ್‌ಗೆ ಸಂಬಂಧಪಟ್ಟದ್ದೇನೋ ಎಂಬ ಹೆದರಿಕೆಯಲ್ಲಿ ಅವರು ಬೇಗನೇ ಡಾಕ್ಟರ ಹತ್ತಿರ ಹೋದರು. ಇದನ್ನು ಒತ್ತಿ ಹೇಳುತ್ತೇನೆ. ಗಂಡಸರು ತಡ ಮಾಡುತ್ತಾರೆ ಎಂದು ದೂರುವುದು ಸುಲಭ. ಬಸಣ್ಣನವರು ಆರಂಭದಲ್ಲಿ ತಡ ಮಾಡಲಿಲ್ಲ.

ಡಾಕ್ಟರು ಮಾತ್ರೆಗಳ ಚೀಟಿ ನೋಡಿದರು. ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವ ಗಂಡಸರಲ್ಲಿ ಕೆಲವರಿಗೆ ಎದೆ ಊದಿಕೊಳ್ಳುತ್ತದೆ. ಇದಕ್ಕೆ ಗೈನೆಕೊಮಾಸ್ಟಿಯಾ ಎನ್ನುತ್ತಾರೆ, ಇದು ಕ್ಯಾನ್ಸರ್ ಅಲ್ಲ. "ಆ ಮಾತ್ರೆಯದ್ದೇ ಕೆಲಸ. ಅದನ್ನು ಬದಲಿಸೋಣ. ಆಮೇಲೆ ನೋಡೋಣ" ಎಂದರು. ಮಾತ್ರೆ ಬದಲಾಯಿತು, ಎಪ್ಲೆರಿನೋನ್ ಬಂತು. ಅದರಲ್ಲಿ ಈ ತೊಂದರೆ ಕಡಿಮೆ.

ಅವರ ಮೊದಲ ಊಹೆಯನ್ನು ನಾನು ತಪ್ಪು ಎನ್ನುವುದಿಲ್ಲ. ಗಂಡಸಿನ ಎದೆಯ ಗಂಟುಗಳಲ್ಲಿ ಹೆಚ್ಚಿನವು ಗೈನೆಕೊಮಾಸ್ಟಿಯಾವೇ. ಆದರೆ ಎರಡನ್ನೂ ಬೇರೆ ಮಾಡಿ ನೋಡಲು ಗುರುತುಗಳಿವೆ. ಮಾತ್ರೆಯಿಂದ ಆಗುವ ಊತ ಬಹಳ ಸಲ ಎರಡೂ ಕಡೆ ಇರುತ್ತದೆ. ತೊಟ್ಟಿನ ಹಿಂದೆ ಸರಿಯಾಗಿ ನಡುವಿನಲ್ಲಿ ಇರುತ್ತದೆ, ಒತ್ತಿದರೆ ರಬ್ಬರಿನ ಹಾಗೆ ಬಾಗುತ್ತದೆ, ನೋಯುತ್ತದೆ. ಬಸಣ್ಣನವರದ್ದು ಒಂದೇ ಕಡೆ. ಗಟ್ಟಿ. ತೊಟ್ಟಿನಿಂದ ಸ್ವಲ್ಪ ಪಕ್ಕಕ್ಕೆ. ನೋವಿಲ್ಲ. ಇಷ್ಟಿದ್ದರೆ ಒಂದು ಅಲ್ಟ್ರಾಸೌಂಡ್ ಮಾಡಿಸಲೇಬೇಕು.

ನನ್ನ ಪ್ರಕಾರ ನಿಜವಾದ ತೊಂದರೆ "ನೋಡೋಣ" ಎಂಬ ಮಾತಿಗೆ ತಾರೀಖು ಇಲ್ಲದಿರುವುದು. "ಆರು ವಾರ ಬಿಟ್ಟು ಬನ್ನಿ, ಕರಗಿಲ್ಲದಿದ್ದರೆ ಪರೀಕ್ಷೆ" ಎಂದು ಚೀಟಿಯಲ್ಲಿ ಬರೆದಿದ್ದರೆ ಬಸಣ್ಣನವರು ಖಂಡಿತ ಹೋಗುತ್ತಿದ್ದರು. ಅವರು ಲೆಕ್ಕದ ಮನುಷ್ಯ. ತಾರೀಖು ಇಲ್ಲದ ಮೇಲೆ, ಡಾಕ್ಟರೇ ಏನಿಲ್ಲ ಎಂದಿದ್ದಾರಲ್ಲ ಎಂದು ಸುಮ್ಮನಾದರು. ನಡುವೆ ಯಾರೋ ಹೇಳಿದರೆಂದು ಸೊಪ್ಪು ಅರೆದು ಪಟ್ಟು ಹಾಕಿಕೊಂಡರು. ತೊಟ್ಟು ನಿಧಾನವಾಗಿ ಒಳಗೆ ಎಳೆದುಕೊಂಡಿತು. ಅದು ಅವರ ಗಮನಕ್ಕೆ ಬಂದರೂ ವಯಸ್ಸಾದ ಮೇಲೆ ಹೀಗೇ ಎಂದುಕೊಂಡರು.

ಏಳು ತಿಂಗಳ ಮೇಲೆ ಹೆಂಡತಿ ಬಟ್ಟೆ ಒಗೆಯುವಾಗ ಬನಿಯನ್ನಿನಲ್ಲಿ ರಕ್ತದ ಕಲೆ ನೋಡಿದರು. ಅವರ ತವರಿನ ಕಡೆ ಒಬ್ಬ ಹೆಣ್ಣುಮಗಳಿಗೆ ಸ್ತನ ಕ್ಯಾನ್ಸರ್ ಬಂದಿತ್ತು. ಆ ಕಲೆ ಅವರಿಗೆ ಗುರುತಿತ್ತು. "ಏನ್ರೀ, ಇದು ಗಾಯ ಅಲ್ಲ. ನಾಳೆ ಅಂಗಡಿ ತೆಗೀಬೇಡಿ" ಎಂದರಂತೆ. ಈ ಪ್ರಕರಣದಲ್ಲಿ ಸರಿಯಾದ ಹೊತ್ತಿಗೆ ಸರಿಯಾಗಿ ಗುರುತಿಸಿದ ಮೊದಲ ವ್ಯಕ್ತಿ ಅವರ ಹೆಂಡತಿ.

ಸಾಲಿನಿಂದ ಎದ್ದು ಹೋದದ್ದು

ಜಿಲ್ಲಾ ಕೇಂದ್ರದ ಸರ್ಜನ್ ಮುಟ್ಟಿ ನೋಡಿದ ತಕ್ಷಣ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಬರೆದರು. ಗಂಡಸರಿಗೂ ಮ್ಯಾಮೊಗ್ರಾಂ ಮಾಡಬಹುದು, ಚೆನ್ನಾಗಿಯೇ ಬರುತ್ತದೆ. ಆದರೆ ಅದು ನಡೆಯುವ ಕೋಣೆಯ ಮುಂದೆ ಬರೀ ಹೆಂಗಸರು. ಗೋಡೆಗೆ "ಮಹಿಳೆಯರಿಗೆ ಮಾತ್ರ" ಎಂಬ ಬೋರ್ಡು. ಬಸಣ್ಣನವರು ಫೈಲು ಹಿಡಿದು ಕೂತರು. ಹೆಂಡತಿಯ ಜೊತೆಗೆ ಬಂದವರು ಎಂದುಕೊಂಡು ಸಿಬ್ಬಂದಿಯೊಬ್ಬರು ಎರಡು ಸಲ ಹೊರಗೆ ಕಳಿಸಿದರು. ಅವರ ಹೆಸರು ಕೂಗಿದಾಗ ಇಡೀ ಸಾಲು ತಿರುಗಿ ನೋಡಿತು. ಅವರು ಎದ್ದು ಬಸ್ ಸ್ಟ್ಯಾಂಡಿಗೆ ಹೋದರು. ಮತ್ತೆ ಒಂದು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ಸರ್ಜನ್ ತಮ್ಮ ಪುಸ್ತಕದಲ್ಲಿ ರಿಪೋರ್ಟು ಬಾರದವರ ಪಟ್ಟಿ ಇಟ್ಟಿದ್ದರು. ಅವರೇ ಫೋನ್ ಮಾಡಿಸಿದರು. ಕಾರಣ ಕೇಳಿ ತಿಳಿದುಕೊಂಡು, ಬೆಳಿಗ್ಗೆ ಬೇರೆ ರೋಗಿಗಳು ಬರುವ ಮುಂಚೆ, ಎಕ್ಸ್‌ರೇ ವಿಭಾಗದ ಬಾಗಿಲಿನಿಂದ ಒಳಗೆ ಕರೆಸಿಕೊಳ್ಳುವ ವ್ಯವಸ್ಥೆ ಮಾಡಿದರು. ಖರ್ಚಿಲ್ಲದ ಕೆಲಸ. ಅಂದೇ ಮ್ಯಾಮೊಗ್ರಾಂ, ಅಲ್ಟ್ರಾಸೌಂಡ್, ಸೂಜಿಯ ಬಯಾಪ್ಸಿ ಮೂರೂ ಆದವು. ಆಮೇಲೆ ಅವರನ್ನು ನಮ್ಮ ವಿಭಾಗಕ್ಕೆ ಕಳಿಸಿದರು.

ರಿಪೋರ್ಟು ಹೀಗಿತ್ತು. ಗಡ್ಡೆ 3.2 ಸೆಂಟಿಮೀಟರ್. ಹಾಲಿನ ನಾಳದಲ್ಲಿ ಹುಟ್ಟಿ ಸುತ್ತ ಹರಡುವ ಬಗೆ. ಗಂಡಸರಲ್ಲಿ ಹೆಚ್ಚಾಗಿ ಬರುವುದು ಇದೇ. ಈಸ್ಟ್ರೋಜನ್ ರಿಸೆಪ್ಟರ್ ಪಾಸಿಟಿವ್, ಅಂದರೆ ಈಸ್ಟ್ರೋಜನ್ ಎಂಬ ಹಾರ್ಮೋನಿನ ಬಲದಿಂದ ಬೆಳೆಯುವಂಥದ್ದು. ಹರ್2 ನೆಗೆಟಿವ್, ಅಂದರೆ ಹರ್2 ಎಂಬ ಪ್ರೋಟೀನು ಹೆಚ್ಚಿರಲಿಲ್ಲ. ಎಡ ಕಂಕುಳಿನಲ್ಲಿ ಗ್ರಂಥಿಗಳು ಊದಿದ್ದವು. ಸಿಟಿ ಸ್ಕ್ಯಾನ್ ಮತ್ತು ಮೂಳೆ ಸ್ಕ್ಯಾನ್‌ನಲ್ಲಿ ಬೇರೆಲ್ಲೂ ಹರಡಿರಲಿಲ್ಲ. ಕ್ಯಾನ್ಸರ್‌ನ ನಾಲ್ಕು ಹಂತಗಳಲ್ಲಿ ಎರಡನೆಯದು, ಅದರಲ್ಲಿ ಬಿ ಎಂಬ ಭಾಗ.

"ಎಷ್ಟು ವರ್ಷ? ಇದ್ದದ್ದನ್ನೇ ಹೇಳಿ"

ಬಸಣ್ಣನವರನ್ನು ನಾನು ನೋಡಿದ್ದು ಈ ಹಂತದಲ್ಲಿ. ಅಷ್ಟರಲ್ಲಿ ಮಗ ಫೋನಿನಲ್ಲಿ ಹುಡುಕಿದ್ದ. ಸ್ತನ ಕ್ಯಾನ್ಸರ್ ಬಂದ ಗಂಡಸರು ಹೆಂಗಸರಿಗಿಂತ ಕಡಿಮೆ ಬದುಕುತ್ತಾರೆ ಎಂಬ ಒಂದು ಸಾಲು ಅವನ ಕಣ್ಣಿಗೆ ಬಿದ್ದಿತ್ತು. ಅದನ್ನು ಅಪ್ಪನಿಗೆ ಹೇಳಿರಲಿಲ್ಲ, ಆದರೆ ಮುಖದಲ್ಲಿ ಗೊತ್ತಾಗುತ್ತಿತ್ತು. ಅಪ್ಪ ಆಗಲೇ ತೀರ್ಮಾನ ಮಾಡಿ ಬಂದಿದ್ದರು. "ಮೇಡಂ, ಆಪರೇಷನ್ ಬೇಡ. ಆ ದುಡ್ಡಲ್ಲಿ ಮಗಳ ಮದುವೆ ಮಾಡ್ತೀನಿ. ಅಂಗಡಿ ಮಗನ ಹೆಸರಿಗೆ ಮಾಡ್ತೀನಿ. ಎಷ್ಟು ವರ್ಷ ಇರ್ತೀನಿ, ಇದ್ದದ್ದನ್ನೇ ಹೇಳಿ."

ನಮ್ಮ ಆಂಕಾಲಜಿಸ್ಟ್, ಅಂದರೆ ಕ್ಯಾನ್ಸರ್ ಡಾಕ್ಟರು, ಆ ದಿನ ಮಾಡಿದ್ದು ನನಗೆ ತುಂಬ ಇಷ್ಟವಾಯಿತು. ಧೈರ್ಯದ ಮಾತು ಆಡಿ ಕಳಿಸಲಿಲ್ಲ. ಮಗ ಓದಿದ ಆ ಸಾಲನ್ನೇ ಮೇಜಿನ ಮೇಲೆ ಇಟ್ಟು ಬಿಡಿಸಿದರು.

ಆ ಸಾಲು ಸುಳ್ಳಲ್ಲ. 2019ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ 16,025 ಗಂಡಸರನ್ನು ಸುಮಾರು 18 ಲಕ್ಷ ಹೆಂಗಸರ ಜೊತೆ ಹೋಲಿಸಿದ್ದರು. ಎಲ್ಲರೂ 2004ರಿಂದ 2014ರ ನಡುವೆ ಕಾಯಿಲೆ ಪತ್ತೆಯಾದವರು. ಐದು ವರ್ಷದ ನಂತರ ಬದುಕಿದ್ದವರು ಗಂಡಸರಲ್ಲಿ ಶೇ 77.6, ಹೆಂಗಸರಲ್ಲಿ ಶೇ 86.4. ಆದರೆ ಈ ಲೆಕ್ಕದಲ್ಲಿ ಹಾರ್ಟ್ ಅಟ್ಯಾಕ್, ಅಪಘಾತ, ಎಲ್ಲ ಸಾವೂ ಸೇರಿದೆ. ಗಂಡಸರಿಗೆ ಈ ಕಾಯಿಲೆ ಬರುವುದು ಹೆಚ್ಚಾಗಿ ಅರವತ್ತರ ಆಚೆ ಈಚೆ. ಹೆಂಗಸರಿಗಿಂತ ತಡವಾಗಿ ಪತ್ತೆಯಾಗುತ್ತದೆ. ಗಂಡಸಿನ ಎದೆಯಲ್ಲಿ ಮಾಂಸ ಕಡಿಮೆ, ಹಾಗಾಗಿ ಗಡ್ಡೆ ಬೇಗ ಚರ್ಮವನ್ನು, ತೊಟ್ಟನ್ನು ಮುಟ್ಟುತ್ತದೆ. ಚಿಕಿತ್ಸೆಯೂ ಅರ್ಧಂಬರ್ಧವಾಗುವುದು ಜಾಸ್ತಿ. ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚುವರಿಯಾಗಿ ಕಂಡ ಸಾವುಗಳ ಪೈಕಿ ಶೇ 63ರಷ್ಟನ್ನು ಕಾಯಿಲೆಯ ಲಕ್ಷಣಗಳು ಮತ್ತು ಕಡಿಮೆ ಚಿಕಿತ್ಸೆ ಇವೆರಡರಿಂದಲೇ ವಿವರಿಸಬಹುದು ಎಂದು ಆ ಅಧ್ಯಯನ ಹೇಳುತ್ತದೆ. ಉಳಿದದ್ದಕ್ಕೆ ಬೇರೆ ಕಾರಣಗಳಿರಬಹುದು. ಆದರೆ ದೊಡ್ಡ ಪಾಲು ನಮ್ಮ ಕೈಯಲ್ಲಿ ಇರುವಂಥದ್ದೇ.

ಆಮೇಲೆ ಹಂತದ ಲೆಕ್ಕ. ಅಮೆರಿಕದ ಅಂಕಿಗಳ ಪ್ರಕಾರ, ಕಾಯಿಲೆ ಎದೆಯಲ್ಲೇ ಇದ್ದಾಗ ಪತ್ತೆಯಾದ ಗಂಡಸರಲ್ಲಿ ಐದು ವರ್ಷದ ಉಳಿವು, ಅದೇ ವಯಸ್ಸಿನ ಉಳಿದ ಗಂಡಸರಿಗೆ ಹೋಲಿಸಿದರೆ, ಸುಮಾರು ಶೇ 95. ಕಂಕುಳಿನ ಗ್ರಂಥಿಗೆ ಹೋಗಿದ್ದರೆ ಶೇ 84ರ ಆಸುಪಾಸು. ಶ್ವಾಸಕೋಶ, ಮೂಳೆಗೆ ಹರಡಿದ್ದರೆ ಶೇ 20ರ ಆಸುಪಾಸು. "ನೀವು ಇಲ್ಲಿದ್ದೀರಿ" ಎಂದು ಡಾಕ್ಟರು ನಡುವಿನ ಅಂಕಿಯ ಮೇಲೆ ಪೆನ್ನು ಇಟ್ಟರು. "ಮದುವೆ ಮುಗಿಸಿ ಬರ್ತೀನಿ ಅಂದರೆ ಈ ಕೆಳಗಿನದಕ್ಕೆ ಇಳೀಬಹುದು. ಈ ಅಂಕಿಗಳಲ್ಲಿ ಹೆಚ್ಚಿನವರು ಚಿಕಿತ್ಸೆ ತಗೊಂಡವರು. ಬಿಟ್ಟವರಿಗೆ ಈ ಲೆಕ್ಕ ಹಿಡಿಯೋದಿಲ್ಲ."

ಬಸಣ್ಣನವರು ಬಹಳ ಹೊತ್ತು ಆ ಹಾಳೆ ನೋಡಿದರು. ಆಮೇಲೆ ಕೇಳಿದ್ದು ಬೇರೆಯೇ: "ಇದು ಇನ್ನೊಬ್ಬ ಗಂಡಸಿಗೆ ಬಂದಿದ್ಯಾ?"

ಎಡ್ವರ್ಡ್ ಬ್ರೂಕ್ ಅವರ ವಿಷಯ ಹೇಳಿದೆ. ಅಮೆರಿಕದಲ್ಲಿ ಸೆನೆಟರ್ ಆಗಿದ್ದವರು. 2002ರಲ್ಲಿ, ತಮ್ಮ 82ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ಮರುವರ್ಷ ಅದನ್ನು ಜನರ ಮುಂದೆ ಹೇಳಿಕೊಂಡರು. 2015ರಲ್ಲಿ ತೀರಿಕೊಂಡಾಗ ಅವರಿಗೆ 95 ವರ್ಷ. ಬಸಣ್ಣನವರು ತಲೆಯಾಡಿಸಿದರು. ಅದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಇನ್ನೊಂದು. ನಮ್ಮಲ್ಲೇ ಮೊದಲು ಚಿಕಿತ್ಸೆ ಪಡೆದಿದ್ದ ಒಬ್ಬ ನಿವೃತ್ತ ಮೇಷ್ಟ್ರ ಒಪ್ಪಿಗೆ ಪಡೆದು ಅವರೊಂದಿಗೆ ಫೋನಿನಲ್ಲಿ ಮಾತಾಡಿಸಿದೆವು. ಇಬ್ಬರೂ ಏನು ಮಾತಾಡಿದರೋ ನಾನು ಕೇಳಲಿಲ್ಲ. ಮಾರನೇ ದಿನ ಬಸಣ್ಣನವರು ಆಪರೇಷನ್ನಿಗೆ ಸಹಿ ಹಾಕಿದರು.

ದುಡ್ಡಿನ ಚಿಂತೆಯೂ ಅಷ್ಟು ದೊಡ್ಡದಾಗಿ ಉಳಿಯಲಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಅವರದ್ದು ಬಿಪಿಎಲ್ ಕಾರ್ಡು. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲೇ ಮಾಡಿಸಿದ್ದರಿಂದ ಓಡಾಟ ತಪ್ಪಿತು.

ಚಿಕಿತ್ಸೆ

ಎಡ ಎದೆಯ ಅಂಗಾಂಶವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ತೆಗೆದ 16 ಗ್ರಂಥಿಗಳಲ್ಲಿ 3ರಲ್ಲಿ ಕ್ಯಾನ್ಸರ್ ಇತ್ತು. ಗಡ್ಡೆಯ ಅಳತೆಯ ಜೊತೆಗೆ ಈ ಗ್ರಂಥಿಗಳ ಲೆಕ್ಕ ಮುಂದಿನ ದಾರಿಯನ್ನು ಬಹುಮಟ್ಟಿಗೆ ಹೇಳುತ್ತದೆ.

ಕೀಮೋ ವಿಷಯದಲ್ಲಿ ಹೃದಯ ಅಡ್ಡ ಬಂತು. ಸ್ತನ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಕೊಡುವ ಕೆಂಪು ಬಣ್ಣದ ಔಷಧಿ ಹೃದಯದ ಸ್ನಾಯುವಿಗೆ ಹಾನಿ ಮಾಡಬಹುದು. ಪಂಪಿಂಗ್ ಕಡಿಮೆ ಇದ್ದವರಿಗೆ ಅದು ಬೇಡ ಎಂದು ಹೃದಯದ ಡಾಕ್ಟರೂ ಆಂಕಾಲಜಿಸ್ಟೂ ಕೂತು ತೀರ್ಮಾನಿಸಿದರು. ಬದಲಿಗೆ ಡೋಸಿಟ್ಯಾಕ್ಸೆಲ್ ಮತ್ತು ಸೈಕ್ಲೋಫಾಸ್ಫಮೈಡ್, 21 ದಿನಕ್ಕೊಮ್ಮೆ ನಾಲ್ಕು ಸಲ. ನಂತರ ರೇಡಿಯೇಷನ್, ನಮ್ಮ ಜನ ಕರೆಂಟ್ ಕೊಡುವುದು ಎನ್ನುತ್ತಾರಲ್ಲ ಅದು, 15 ದಿನ. ಎಡಭಾಗ ಆದ್ದರಿಂದ ಹೃದಯಕ್ಕೆ ಕಿರಣ ಆದಷ್ಟು ತಾಗದಂತೆ ಉಸಿರು ಹಿಡಿದುಕೊಳ್ಳುವುದನ್ನು ಕಲಿಸಿ ಕೊಟ್ಟರು. ಸಕ್ಕರೆ ಒಂದೆರಡು ಸಲ ಏರಿತು. ಉಳಿದಂತೆ ಈ ಭಾಗ ಹೆಚ್ಚು ತೊಂದರೆಯಿಲ್ಲದೆ ಮುಗಿಯಿತು.

ಕೊನೆಗೆ ಸ್ತನದಲ್ಲಿ ಈಸ್ಟ್ರೋಜನ್‌ನ ಕೆಲಸ ತಡೆಯುವ ಟ್ಯಾಮೋಕ್ಸಿಫೆನ್, ದಿನಕ್ಕೊಂದು 20 ಮಿಲಿಗ್ರಾಂ, ಐದು ವರ್ಷ. ಅಗ್ಗದ ಮಾತ್ರೆ. ನೋಡಿದರೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಗಂಡಸರ ಸ್ತನ ಕ್ಯಾನ್ಸರ್‌ಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಈಸ್ಟ್ರೋಜನ್ ಬಲದಿಂದ ಬೆಳೆಯುವಂಥವು. ಹಾಗಾಗಿ ಕಾಯಿಲೆ ಮರಳದಂತೆ ತಡೆಯುವುದರಲ್ಲಿ ಈ ಮಾತ್ರೆಗೆ ದೊಡ್ಡ ಪಾತ್ರ ಇದೆ. ಯುರೋಪ್ ಮತ್ತು ಅಮೆರಿಕದ 1,483 ಗಂಡಸರನ್ನು ನೋಡಿದ ಒಂದು ಅಧ್ಯಯನದಲ್ಲಿ ಶೇ 99 ಜನರದ್ದು ಈಸ್ಟ್ರೋಜನ್ ರಿಸೆಪ್ಟರ್ ಪಾಸಿಟಿವ್ ಇತ್ತು. ಆದರೂ ಕಾಯಿಲೆ ಬೇರೆಡೆ ಹರಡದಿದ್ದವರಲ್ಲಿ ಹಾರ್ಮೋನ್ ಚಿಕಿತ್ಸೆ ಸಿಕ್ಕಿದ್ದು ಸುಮಾರು ಶೇ 77 ಜನರಿಗೆ.

ಮಾತ್ರೆ ನಿಂತದ್ದು

ಎರಡನೇ ವರ್ಷದಲ್ಲಿ ಬಸಣ್ಣನವರು ಟ್ಯಾಮೋಕ್ಸಿಫೆನ್ ನಿಲ್ಲಿಸಿಬಿಟ್ಟಿದ್ದರು. ಯಾರಿಗೂ ಹೇಳಿರಲಿಲ್ಲ. ಪ್ರತಿ ಸಲ ಆಸ್ಪತ್ರೆಗೆ ಬಂದಾಗ "ಮಾತ್ರೆ ತಗೊಳ್ತಿದ್ದೀರಾ?" ಎಂದರೆ "ಹೂಂ" ಎನ್ನುತ್ತಿದ್ದರು. ಪಕ್ಕದಲ್ಲಿ ಹೆಂಡತಿ, ಮಗ ಇರುತ್ತಿದ್ದರು.

ಸೊಸೆ ಅಂಗಡಿಯ ಗಲ್ಲಾ ಪೆಟ್ಟಿಗೆ ಒರೆಸುವಾಗ ಒಡೆಯದ ಮಾತ್ರೆ ಹಾಳೆಗಳು ಸಿಕ್ಕಿದವು. ಅವರು ಮಾವನಿಗೆ ಏನೂ ಹೇಳದೆ ನನಗೆ ಫೋನ್ ಮಾಡಿದರು. ಮುಂದಿನ ಭೇಟಿಯಲ್ಲಿ ಮನೆಯವರನ್ನು ಹೊರಗೆ ಕೂರಿಸಿದೆವು. ಕೋಣೆಯಲ್ಲಿ ನಾನೂ ಇರಲಿಲ್ಲ. ಇಂಥ ವಿಷಯವನ್ನು ಅವರು ಹೆಂಗಸಿನ ಎದುರು ಹೇಳುವುದಿಲ್ಲ ಎಂದು ನನಗೆ ಅನ್ನಿಸಿತ್ತು. ಒಬ್ಬ ಗಂಡು ಡಾಕ್ಟರು ಮಾತ್ರ ಕೂತರು. "ತಗೊಳ್ತಿದ್ದೀರಾ" ಎಂದು ಕೇಳಲಿಲ್ಲ. "ಈ ಮಾತ್ರೆ ತಗೊಂಡ ಗಂಡಸರಿಗೆ ಮೈ ಬಿಸಿ ಏರುತ್ತೆ, ಬೆವರುತ್ತೆ, ತೂಕ ಏರುತ್ತೆ, ಗಂಡ ಹೆಂಡತಿ ಜೊತೆಗಿರುವ ಆಸೆ ಕಡಿಮೆ ಆಗುತ್ತೆ, ಸಿಟ್ಟು ಬೇಸರ ಬರುತ್ತೆ. ನಿಮಗೆ ಇದರಲ್ಲಿ ಯಾವುದು?" ಎಂದು ಕೇಳಿದರು.

"ಎಲ್ಲವೂ" ಎಂದರು ಬಸಣ್ಣನವರು. ಅಂಗಡಿಯಲ್ಲಿ ಗಿರಾಕಿ ಎದುರಿಗೆ ಇದ್ದಕ್ಕಿದ್ದಂತೆ ಅಂಗಿ ತೊಯ್ದು ಹೋಗುತ್ತಿತ್ತು. ಅದಕ್ಕಿಂತ ಹೆಚ್ಚು ಕಾಡಿದ್ದು ಹೆಂಡತಿಯ ಜೊತೆಗಿನ ಸಂಬಂಧ. ಹೆಂಗಸರ ಕಾಯಿಲೆಗೆ ಹೆಂಗಸರ ಮಾತ್ರೆ ತಿಂದು ತಾನು ಗಂಡಸೇ ಅಲ್ಲವಾಗಿದ್ದೇನೆ ಎಂದು ಅವರಿಗೆ ಅನ್ನಿಸಿತ್ತು. ಇದನ್ನೆಲ್ಲ ಮೊದಲೇ ಹೇಳಿದ್ದರೆ ಕಾಯುತ್ತಿದ್ದೆ, ಯಾರೂ ಹೇಳಲಿಲ್ಲ ಎಂದರು. ಮಾತ್ರೆ ಡಬ್ಬಿಯ ಕಾಗದದಲ್ಲೂ, ನಾವು ಕೊಡುತ್ತಿದ್ದ ಪುಟ್ಟ ಪುಸ್ತಕದಲ್ಲೂ ಇದ್ದದ್ದು ಮುಟ್ಟು ಮತ್ತು ಗರ್ಭಕೋಶದ ಮಾತು.

ಆ ದಿನದ ತೀರ್ಮಾನಗಳು ಚಿಕ್ಕವು. ಮಾತ್ರೆಯನ್ನು ರಾತ್ರಿಗೆ ಬದಲಿಸಿದರು. ಬಿಸಿ ಏರುವುದಕ್ಕೆ ವೆನ್ಲಾಫ್ಯಾಕ್ಸಿನ್ ಎಂಬ ಬೇಸರದ ಮಾತ್ರೆಯನ್ನು ಕಡಿಮೆ ಡೋಸ್‌ನಲ್ಲಿ ಕೊಟ್ಟು ಬಿಪಿ ನೋಡುತ್ತಾ ಹೋದರು. ಇಲ್ಲೊಂದು ಎಚ್ಚರ ಬೇಕು. ಬೇಸರಕ್ಕೆ ಕೊಡುವ ಮಾತ್ರೆಗಳಲ್ಲಿ ಪ್ಯಾರಾಕ್ಸೆಟಿನ್, ಫ್ಲೂಆಕ್ಸೆಟಿನ್ ಥರದವು ಟ್ಯಾಮೋಕ್ಸಿಫೆನ್ ದೇಹದಲ್ಲಿ ಮಾಡುವ ಕೆಲಸವನ್ನು ಕಡಿಮೆ ಮಾಡಬಹುದು. ಬೇರೆ ಕಡೆ ಮಾತ್ರೆ ಬರೆಸಿಕೊಳ್ಳುವಾಗ ಇದನ್ನು ಹೇಳಲೇಬೇಕು. ಕಾಲು ಊದಿ ನೋವು ಬಂದರೆ, ರಕ್ತ ಹೆಪ್ಪುಗಟ್ಟಿರಬಹುದು, ಕೂಡಲೇ ಬರಬೇಕು ಎಂದೂ ಹೇಳಿದರು. ಆಮೇಲೆ ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿದೆವು. ಹೆಂಡತಿ ಹೇಳಿದ್ದು ಒಂದೇ ಮಾತು: "ನನಗೆ ಹೇಳಿದ್ರೆ ಆಗ್ತಿರಲಿಲ್ವಾ?"

ಐದು ತಿಂಗಳ ಅಂತರದ ಮೇಲೆ ಮಾತ್ರೆ ಮತ್ತೆ ಶುರುವಾಯಿತು, ನಿಲ್ಲಲಿಲ್ಲ. ಗಂಡಸರಿಗೇ ಬೇರೆ ಪುಸ್ತಕವನ್ನು ನಮ್ಮ ವಿಭಾಗ ಮಾಡಿದ್ದು ಇದರ ನಂತರ.

ಮನೆಯವರ ರಕ್ತ ಪರೀಕ್ಷೆ

ಸ್ತನ ಕ್ಯಾನ್ಸರ್ ಬಂದ ಪ್ರತಿ ಗಂಡಸಿಗೂ ಜೀನ್ ಪರೀಕ್ಷೆಯ ಬಗ್ಗೆ ಹೇಳಬೇಕು ಎಂಬುದು ಈಗಿನ ಸಲಹೆ. ಬಸಣ್ಣನವರ ಅಕ್ಕನ ಫೈಲು ಹೊರಬಂದದ್ದು ಇದಕ್ಕಾಗಿ. ಪರೀಕ್ಷೆಯಲ್ಲಿ ಬಸಣ್ಣನವರ ಬಿಆರ್‌ಸಿಎ2 ಎಂಬ ಜೀನಿನಲ್ಲಿ ದೋಷ ಕಂಡಿತು. ಸಾಮಾನ್ಯ ಗಂಡಸರಲ್ಲಿ ಜೀವಮಾನದಲ್ಲಿ ಸಾವಿರಕ್ಕೆ ಒಬ್ಬರಿಗೋ ಏನೋ ಬರುವ ಸ್ತನ ಕ್ಯಾನ್ಸರ್, ಈ ದೋಷ ಇರುವವರಲ್ಲಿ ನೂರಕ್ಕೆ ಆರೇಳು ಮಂದಿಗೆ ಬರುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ಸಾಧ್ಯತೆಯೂ ಹೆಚ್ಚು. ಹೆಣ್ಣುಮಕ್ಕಳಿಗೆ ಸ್ತನ, ಅಂಡಾಶಯ ಎರಡರ ಅಪಾಯವೂ ಏರುತ್ತದೆ.

ಮಕ್ಕಳಿಗೆ ಈ ದೋಷ ಹೋಗುವ ಸಾಧ್ಯತೆ ತಲಾ ಅರ್ಧಕ್ಕೆ ಅರ್ಧ. ಇಡೀ ಮನೆ ಮಗಳ ಬಗ್ಗೆ ಹೆದರಿತು. ಬಸಣ್ಣನವರು ಪರೀಕ್ಷೆಯೇ ಬೇಡ ಎಂದರು. ಪಾಸಿಟಿವ್ ಬಂದು ಹೊರಗೆ ಗೊತ್ತಾದರೆ ಸಂಬಂಧ ಕೂಡಿಬರುವುದಿಲ್ಲ ಎಂಬ ಚಿಂತೆ. ಆ ಭಯವನ್ನು ನಾನು ಸಣ್ಣದು ಎನ್ನಲಾರೆ. ಆದರೆ ಮಗಳಿಗೆ 27 ವರ್ಷ, ತೀರ್ಮಾನ ಅವಳದ್ದು. ಅವಳನ್ನು ಒಬ್ಬಳನ್ನೇ ಕೂರಿಸಿ ಎರಡೂ ದಾರಿ ವಿವರಿಸಿದೆವು. ಪಾಸಿಟಿವ್ ಆದರೆ ವರ್ಷಕ್ಕೊಮ್ಮೆ ಎಂಆರ್‌ಐ, ಮೂವತ್ತರಿಂದ ಮ್ಯಾಮೊಗ್ರಾಂ, ಮಕ್ಕಳಾದ ಮೇಲೆ ನಲವತ್ತು ದಾಟುವ ಹೊತ್ತಿಗೆ ಅಂಡಾಶಯ ತೆಗೆಸುವ ಯೋಚನೆ. ಯೋಚಿಸಲು ಸಮಯ ಕೇಳಿದಳು, ಕೊನೆಗೆ ಅಣ್ಣನನ್ನೂ ಕರೆದುಕೊಂಡೇ ಬಂದು ರಕ್ತ ಕೊಟ್ಟಳು.

ಅವಳದ್ದು ನೆಗೆಟಿವ್. ಅಣ್ಣನದ್ದು ಪಾಸಿಟಿವ್. ಅವನ ಬಗ್ಗೆ ಯಾರೂ ಯೋಚಿಸಿರಲೇ ಇಲ್ಲ. ಈಗ ಅವನಿಗೆ 35. ತಿಂಗಳಿಗೊಮ್ಮೆ ಎದೆ ಮುಟ್ಟಿ ನೋಡಿಕೊಳ್ಳುವುದನ್ನು ಕಲಿತಿದ್ದಾನೆ, ವರ್ಷಕ್ಕೊಮ್ಮೆ ಡಾಕ್ಟರಿಗೆ ತೋರಿಸುತ್ತಾನೆ, ನಲವತ್ತರಿಂದ ಪ್ರಾಸ್ಟೇಟ್ ಪರೀಕ್ಷೆ ಶುರು ಮಾಡಬೇಕು. ಅವನ ಪುಟ್ಟ ಮಗಳಿಗೆ ಈಗ ಏನೂ ಮಾಡಿಸುವುದಿಲ್ಲ. ದೊಡ್ಡವಳಾದ ಮೇಲೆ ಅವಳೇ ತೀರ್ಮಾನಿಸುತ್ತಾಳೆ.

ಈಗ

ಆಪರೇಷನ್ ಆಗಿ ಆರು ವರ್ಷ ದಾಟಿದೆ. ಕಾಯಿಲೆ ಮರಳಿಲ್ಲ. ಬಲ ಎದೆಗೆ ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ ಆಗುತ್ತದೆ, ಜೀನಿನ ದೋಷ ಇರುವುದರಿಂದ. ಈಸ್ಟ್ರೋಜನ್‌ನಿಂದ ಬೆಳೆಯುವ ಕ್ಯಾನ್ಸರ್ ಐದು ವರ್ಷದ ಆಚೆಗೂ ತಿರುಗಿ ಬರಬಹುದು. ಬಸಣ್ಣನವರ ಗ್ರಂಥಿಗಳಲ್ಲಿ ಕಾಯಿಲೆ ಇತ್ತು. ಇದೆಲ್ಲ ನೋಡಿ ಟ್ಯಾಮೋಕ್ಸಿಫೆನ್ ಇನ್ನೂ ಐದು ವರ್ಷ ಮುಂದುವರಿಸಬಹುದು ಎಂದು ಡಾಕ್ಟರು ಹೇಳಿದಾಗ ಅವರು ಹೆಂಡತಿಯ ಕಡೆ ನೋಡಿದರು, ಇಬ್ಬರೂ ಮಾತಾಡಿಕೊಂಡರು, ಮುಂದುವರಿಸೋಣ ಎಂದರು.

ಉಳಿದಿರುವುದು ತೀರಿಹೋದ ಅಕ್ಕನ ಇಬ್ಬರು ಹೆಣ್ಣುಮಕ್ಕಳ ವಿಷಯ. ಅವರಿಗೂ ಈ ದೋಷ ಬಂದಿರಬಹುದು, ಮೂವತ್ತರ ವಯಸ್ಸಿನಲ್ಲಿದ್ದಾರೆ. ನಾವು ನೇರವಾಗಿ ಫೋನ್ ಮಾಡುವಂತಿಲ್ಲ, ಮನೆಯವರೇ ಹೇಳಬೇಕು. ಬಸಣ್ಣನವರು ಇಬ್ಬರಿಗೂ ಹೇಳಿದರು. ದೊಡ್ಡವಳು ಬಂದು ಪರೀಕ್ಷೆ ಮಾಡಿಸಿಕೊಂಡಿದ್ದಾಳೆ, ರಿಪೋರ್ಟು ಬರಬೇಕು. ಚಿಕ್ಕವಳ ಗಂಡನ ಮನೆಯವರು ಒಪ್ಪುತ್ತಿಲ್ಲ. ಈ ಹಬ್ಬಕ್ಕೆ ಅವರ ಊರಿಗೆ ಹೋಗಿ, ತನ್ನ ಎದೆಯ ಹೊಲಿಗೆಯನ್ನೇ ತೋರಿಸಿ ಮಾತಾಡುತ್ತೇನೆ ಎಂದು ಬಸಣ್ಣನವರು ಹೇಳಿದ್ದಾರೆ.